ತಗಡು ಹರಿಯುವ ಕೋನ

ನಾನು ಒಂದು ಉಕ್ಕಿನ ಕಡ್ಡಿ. ಗೇಣುದ್ದ ಇದ್ದೇನೆ, ತುದಿ ಗುಂಡಗಿದೆ. ಹುಬ್ಬಳ್ಳಿಯ ಒಂದು ಲೇತಿನ ಮೇಲೆ ನನ್ನನ್ನು ಕಡೆದು, ಬೆಂಕಿಯಲ್ಲಿ ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡಿದರು. ಅಚ್ಚಿಲ್ಲದೆ ತಗಡಿಗೆ ಆಕಾರ ಕೊಡುವುದು ನನ್ನ ಕೆಲಸ. ಚೌಕಟ್ಟಿಗೆ ಬಿಗಿದ ಅಲ್ಯೂಮಿನಿಯಂ ತಗಡಿನ ಮೇಲೆ ಯಂತ್ರ ನನ್ನನ್ನು ಸುತ್ತಿಸುತ್ತದೆ. ಪ್ರತಿ ಸುತ್ತಿಗೂ ಇಷ್ಟಿಷ್ಟೇ ಕೆಳಗೆ ಒತ್ತುತ್ತೇನೆ. ತಗಡು ಹಿಗ್ಗಿ, ತೆಳುವಾಗಿ, ಬಟ್ಟಲಾಗುತ್ತದೆ. ಇಳಿಜಾರು ಅತಿಯಾದರೆ, ಒತ್ತು ಹೆಚ್ಚಿದರೆ, ಎಣ್ಣೆ ಆರಿದರೆ ಹರಿಯುತ್ತದೆ. ಹರಿಯುವಾಗ ನನ್ನನ್ನೂ ಗೀರುತ್ತದೆ.

ನಾನು ಸೇರಿದ್ದು ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ. ಅಲ್ಲಿ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಹೂಲಿ ಮತ್ತು ಅಧ್ಯಾಪಕಿ ಪ್ರೇಮಾ ಪತ್ತಾರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪ್ರೇಮಾ ನಡೆಸಿದ ಸಂಶೋಧನೆಯನ್ನು ಹೂಲಿ ತಮ್ಮದೆಂದು ಪ್ರಕಟಿಸಿದ್ದರು; ಆಕೆ ದೂರು ಕೊಟ್ಟಿದ್ದರು. ಅಂದಿನಿಂದ ಆಕೆಗೆ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ.

ಆಗ ಹೂಲಿಯವರ ತಂಗಿ ಶಶಿಕಲಾ ಸ್ಕೂಟರಿನಿಂದ ಬಿದ್ದರು. ಮಿದುಳು ಊದಿಕೊಂಡಿದ್ದರಿಂದ ಡಾಕ್ಟರು ತಲೆಬುರುಡೆಯ ಒಂದು ತುಂಡು ತೆಗೆದಿದ್ದರು. ಅದನ್ನು ಮತ್ತೆ ಕೂರಿಸುವವರೆಗೆ ಆ ಜಾಗಕ್ಕೆ ಪೆಟ್ಟು ಬೀಳದಂತೆ ತಲೆಯ ಅಳತೆಗೇ ಒಂದು ಗಟ್ಟಿ ಟೊಪ್ಪಿಗೆ ಬೇಕಿತ್ತು. ಹೂಲಿ ತಾವೇ ಮಾಡಲು ನಿಂತರು. ಕಿವಿಯ ಮೇಲಿನ ಅಂಚು ತೀರ ಕಡಿದಾಗಿತ್ತು. ತಗಡು ಅಲ್ಲೇ ಹರಿಯಿತು. ದಪ್ಪ ತಗಡು ಹಾಕಿದರು, ವೇಗ ಬದಲಿಸಿದರು. ಅದೂ ಹರಿಯಿತು.

ದೂರ ನಿಂತಿದ್ದ ಪ್ರೇಮಾ, ಒಂದೇ ಸಲಕ್ಕೆ ಬೇಡ, ಮೊದಲು ಹರವಾದ ಬಟ್ಟಲು ಮಾಡಿ ಆಮೇಲೆ ಹಂತಹಂತವಾಗಿ ಕಡಿದಾಗಿಸಿ ಎಂದರು.

“ನಿಮ್ಮನ್ನ ಯಾರು ಕೇಳ್ಯಾರ?” ಎಂದರು ಹೂಲಿ. ಮತ್ತೆ ಅದೇ ಕೋನಕ್ಕೆ ನನ್ನನ್ನು ಇಳಿಸಿದರು. ಹರಿದ ತಗಡನ್ನು ಸಿಟ್ಟಿನಿಂದ ಕಿತ್ತು ಕೈ ಕುಯ್ದುಕೊಂಡರು.

ಅಳತೆ ನೋಡಿಸಲು ಬಂದು ಕುಳಿತಿದ್ದ ಶಶಿಕಲಾ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದರು. ಎಡಗಡೆ ತಗ್ಗಾಗಿತ್ತು, ಚರ್ಮದಡಿ ಏನೋ ಮಿಡಿಯುತ್ತಿತ್ತು.

“ಅಣ್ಣಾ, ತಲಿ ನಂದು. ನಿನ್ನ ಹಟಾ ಇದರ ಮ್ಯಾಲ ಬ್ಯಾಡ. ಅವರಿಗೆ ಯಂತ್ರ ಬಿಡು.”

ಹೂಲಿ ಬಾಗಿಲು ದಡಾರನೆ ಎಳೆದುಕೊಂಡು ಹೋದರು.

ಪ್ರೇಮಾ ಎಣ್ಣೆ ಧಾರಾಳವಾಗಿ ಸುರಿದರು. ಹರವಾದ ಬಟ್ಟಲಾಯಿತು, ನಂತರ ಇಳಿಜಾರು ಇನ್ನಷ್ಟು ಕಡಿದಾಯಿತು, ಮತ್ತೂ ಕಡಿದಾಯಿತು. ನಾನು ಬಿಸಿಯಾದೆ. ತಗಡು ತಡೆದುಕೊಂಡಿತು. ಅಂಚು ಉಜ್ಜಿ, ಒಳಗೆ ಮೆತ್ತೆ ಅಂಟಿಸಿ, ಶಶಿಕಲಾರ ತಲೆಗೆ ಇಡುವಾಗಲೂ ಪ್ರೇಮಾ ನಗಲಿಲ್ಲ.

“ನಿಮ್ಮಣ್ಣಾವ್ರನ್ನ ನಾ ಕ್ಷಮಿಸಿಲ್ಲ. ಇದು ನಿಮಗಂತ ಮಾಡಿದ್ದು.”

“ನಾನೂ ಕ್ಷಮಿಸಿಲ್ರಿ,” ಎಂದರು ಶಶಿಕಲಾ.

ಈಗ ನನ್ನ ತುದಿ ಸವೆದಿದೆ. ಗುಜರಿ ಡಬ್ಬದಲ್ಲಿ, ನಾನೇ ಹರಿದುಹಾಕಿದ ತಗಡುಗಳ ನಡುವೆ ಬಿದ್ದಿದ್ದೇನೆ. ಶಶಿಕಲಾರ ಆಪರೇಷನ್ ಚೆನ್ನಾಗಿ ಆಯಿತಂತೆ. ಅಣ್ಣನ ಮನೆಗೆ ಮಾತ್ರ ಹೋಗುವುದಿಲ್ಲವಂತೆ. ಒತ್ತುವುದಷ್ಟೇ ಬಲ್ಲ ನನಗೆ ಮನುಷ್ಯರ ಮೇಲೆ ಅಂಥ ಪ್ರೀತಿಯೇನೂ ಹುಟ್ಟಲಿಲ್ಲ. ಆದರೂ ಅಂದು ಶಶಿಕಲಾ ಆ ಟೊಪ್ಪಿಗೆ ಹಾಕಿಕೊಂಡು ತಲೆ ಎತ್ತಿ ಬಾಗಿಲು ದಾಟಿದ್ದು ಕಣ್ಣಿಗೆ ಕಟ್ಟಿದಂತಿದೆ.