ಮೀನು ಮುಟ್ಟದ ಬೆಕ್ಕು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕವೆಲ್ಲ ತಲೆ ಕೆಡಿಸಿಕೊಳ್ಳುತ್ತದೆ. ಕುಮಟೆಯ ವನಮಾಲಾ ಮಾತ್ರ ತನ್ನ ಶಾರಿಗೆ ತಾನೇ ಕಟ್ಟಿದ್ದಳು, ಇಲಿ ಹಲ್ಲಿ ಹಿಡಿಯದಿರಲಿ ಎಂದು. ತಾಯಿ ಸತ್ತ ಮರಿಗೆ ಹತ್ತಿಯಲ್ಲಿ ಹಾಲು ಹಿಂಡಿ ಸಾಕಿದವಳು ಅವಳು. ಎರಡು ಹೊತ್ತೂ ಮೊಸರನ್ನ. "ನಮ್ಮನೆ ಬೆಕ್ಕು ಮೀನು ಮುಟ್ತಿಲ್ಲೆ" ಎಂದು ಬಂದವರೆದುರು ಬೀಗುವಾಗ ಅವಳ ಮುಖ ನೋಡಬೇಕಿತ್ತು, ಮಗಳು ರ‍್ಯಾಂಕ್ ಬಂದವರೂ ಅಷ್ಟು ಮೆರೆಯುವುದಿಲ್ಲ.

ಅಂಥ ಶಾರಿ ಈಗ ಆಸ್ಪತ್ರೆಯ ಮೇಜಿನ ಮೇಲೆ ಬಾಯ್ತೆರೆದು ಏದುಸಿರು ಬಿಡುತ್ತಿತ್ತು. ಸ್ಕ್ಯಾನ್ ಮುಗಿಸಿದ ಡಾಕ್ಟರ್ ಅರ್ಚಿತಾ ಕೇಳಿದಳು, "ಊಟಕ್ಕೆ ಎಂತ ಹಾಕ್ತೀರಿ?"

"ಮೊಸರನ್ನ. ಬೇರೆ ಎಂತದೂ ಇಲ್ಲ."

"ಅದೇ ಕಾರಣ, ಅಮ್ಮ. ಬೆಕ್ಕಿನ ಹೃದಯಕ್ಕೆ ಟಾರಿನ್ ಅಂತ ಒಂದು ಸತ್ವ ಬೇಕೇ ಬೇಕು. ಅದು ಸಿಗೋದು ಮೀನು, ಮಾಂಸದಲ್ಲಿ. ಅದಿಲ್ದೆ ಹೃದಯದ ಸ್ನಾಯು ಸೋತು ಊದ್ಕೊಂಡಿದೆ. ಇದು ಹುಟ್ಟಿನಿಂದ ಬಂದ ರೋಗ ಅಲ್ಲ, ಊಟದಿಂದ ಬಂದದ್ದು."

ವನಮಾಲಾ ಯಾರೋ ವಿಷ ಹಾಕಿದ್ದಾರೆಂದು ದಾರಿಯುದ್ದಕ್ಕೂ ನೆರೆಮನೆಯವರನ್ನು ಶಪಿಸುತ್ತ ಬಂದಿದ್ದಳು. ಆ ಶಾಪವೆಲ್ಲ ತಿರುಗಿ ಈಗ ಅವಳ ತಲೆಯ ಮೇಲೇ ಕೂತಿತ್ತು.

"ಉಳೀತದಾ?" ಎಂದಳು.

"ಇಂಜೆಕ್ಷನ್ ಕೊಟ್ಟಿದ್ದೇನೆ. ಟಾರಿನ್ ಪುಡಿ ಹುಬ್ಬಳ್ಳಿಯಿಂದ ಬರಬೇಕು. ಅಲ್ಲೀವರೆಗೆ ಇವತ್ತಿಂದಲೇ ಮೀನು ಹಾಕಿ. ತಿಂದ್ರೆ ಉಳಿಯೋ ದಾರಿ ಇದೆ."

ಮೀನುಪೇಟೆಯ ಹತ್ತಿರ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದ ಗಂಡ ಮಹಾಗಣಪತಿ ಬಂಗಡೆ ಮೀನು ತಂದ. ಹಿತ್ತಲಲ್ಲಿ ಒಲೆ ಹೂಡಿ ಬೇಯಿಸಿದರು. ವನಮಾಲಾ ಉಸಿರು ಕಟ್ಟಿ ಮುಳ್ಳು ಬಿಡಿಸಿ, ಶಾರಿಯ ಮೂತಿಗೆ ಹಿಡಿದಳು.

ಶಾರಿ ಮುಖ ತಿರುಗಿಸಿತು.

ಮತ್ತೆ ಹಿಡಿದಳು. ಮತ್ತೆ ತಿರುಗಿಸಿತು. ಅಡುಗೆಮನೆಯ ಕಡೆ ನೋಡಿ ಕ್ಷೀಣವಾಗಿ ಮಿಯಾಂವ್ ಎಂದಿತು. ಮೊಸರನ್ನ ಬೇಕಂತೆ ಅದಕ್ಕೆ! ಬೆಕ್ಕು ಮೀನನ್ನು ಒಲ್ಲೆ ಎನ್ನುವುದುಂಟೇ? ತಾನೆಂಥ ಕೆಲಸ ಮಾಡಿಟ್ಟೆ ಎಂದುಕೊಂಡಳು ವನಮಾಲಾ.

"ತಿನ್ನೇ ಶಾರಿ, ದಮ್ಮಯ್ಯ ತಿನ್ನೇ!"

"ಬಿಡು, ಅದು ತಿಂತಿಲ್ಲೆ," ಎಂದ ಮಹಾಗಣಪತಿ.

ವನಮಾಲಾ ಬೆರಳ ತುದಿಯ ಮೀನನ್ನು ನೋಡಿದಳು. ಊಟಕ್ಕೆ ಹಟ ಮಾಡುವ ಕೂಸನ್ನು ರಮಿಸುವವಳಂತೆ, "ನೋಡು, ಆಯಿ ತಿಂತು," ಎಂದವಳೇ ಅದನ್ನು ತನ್ನ ಬಾಯಿಗಿಟ್ಟು ಜಗಿದಳು.

ಮಹಾಗಣಪತಿ ನೀರಿನ ತಂಬಿಗೆ ತರಲು ಒಳಗೋಡಿದ.

ಶಾರಿ ಕಷ್ಟಪಟ್ಟು ತಲೆಯೆತ್ತಿ ಅವಳ ತುಟಿಯನ್ನು ಮೂಸಿತು. ಆಮೇಲೆ ನೆಕ್ಕಿತು.