ಸೋಮವಾರದ ಹೊಟ್ಟೆನೋವು

ಧಾರಾವಿಯ ಚಾಳಿನಲ್ಲಿ ಗುರುಬಾಯಿಗೆ ತಲೆ ಕೆಟ್ಟುಹೋಗಿತ್ತು. ಸೊಸೆ ನೀಲಾಬಾಯಿಗೆ ಇನ್ನೂ ಇಪ್ಪತ್ಮೂರು ವರ್ಷ. ಎರಡು ಕೊಡ ನೀರು ಒಂದೇ ಸಲ ಹೊತ್ತು ಮೆಟ್ಟಿಲು ಹತ್ತುವ ಗಟ್ಟಿ ಹುಡುಗಿ. ಅಂಥವಳು ಮೂರು ತಿಂಗಳಿಂದ ಸೋಮವಾರ ಬಂತೆಂದರೆ ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದಳು. ಮರುದಿನ ಏನೂ ಆಗದವಳಂತೆ ಓಡಾಡುತ್ತಿದ್ದಳು. ವಾರ ನೋಡಿಕೊಂಡು ಬರುವ ನೋವು ಎಲ್ಲಾದರೂ ಉಂಟೆ?

ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಕೆಳಮನೆಯ ಕಸ್ತೂರಿಬಾಯಿ ಬಟ್ಟಿ ಸರಿದಿದೆ, ಹೊಕ್ಕುಳು ಜಾಗ ಬಿಟ್ಟಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿದಳು. ಹುಡುಗಿ ಕಿರುಚಿದ್ದೇ ಬಂತು. ಅಂಗಡಿಯವನು ವಾಯು ಎಂದು ಸೋಡಾ ಕುಡಿಸಿದ. ಗುರುಬಾಯಿಗೆ ಮಾತ್ರ ದೇವರ ಮೇಲೇ ಅನುಮಾನ. ಸೊಸೆ ಸೋಮವಾರ ಒಪ್ಪತ್ತು ಹಿಡಿದವಳು, ಎಲ್ಲೋ ಮಡಿಯಲ್ಲಿ ತಪ್ಪಿದ್ದಾಳೆ! ಅಂದಿನಿಂದ ಹಗಲಿನ ಚಹಾ ಕೂಡ ಬಂದ್. ಆದರೆ ಸಂಜೆ ಹುಡುಗಿಯ ಬಾಡಿದ ಮುಖ ನೋಡಿ ಕರುಳು ಚುರ್ರೆನ್ನುತ್ತಿತ್ತು. ಗೋಧಿ ರವೆಯ ಬಿಸಿ ಸಜ್ಜಕದ ಮೇಲೆ ಧಾರಾಳವಾಗಿ ತುಪ್ಪ ಸುರಿದು ಉಣ್ಣಿಸುತ್ತಿದ್ದಳು. ಒಂದು ತಾಸಿಗೆ ಸರಿಯಾಗಿ ನೋವು.

ಒಂದು ಮಂಗಳವಾರ ನೀಲಾಬಾಯಿ ಏಳಲೇ ಇಲ್ಲ. ಅವಳ ಬದಲು ಗುರುಬಾಯಿ ಕೊಡ ಹಿಡಿದು ಬಂದದ್ದನ್ನು ನಳದ ಸರದಿಯಲ್ಲಿ ನಿಂತಿದ್ದ ವಾರಿಜಾ ಗಮನಿಸಿದಳು. ಆಕೆ ಉಡುಪಿ ಕಡೆಯವಳು, ಮುನಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸ್.

"ನೀಲಾ ಎಲ್ಲಿ ಅಮ್ಮಾ? ನೀರಿಗೆ ಬರ್ಲಿಲ್ಲ?"

"ಏನ್ ಹೇಳ್ಲಿ ಸಿಸ್ಟರಬಾಯಿ, ದೇವರು ಸಿಟ್ಟಾಗ್ಯಾನ. ಸೋಮವಾರಕ್ಕೊಮ್ಮೆ ಹೊಟ್ಟಿನೋವು."

"ನಮ್ಮ ಚಾಳಿನ ಖಂಡಪ್ಪನ ಮದುವೆ ಊಟ ಮಾಡಿ ಬಂದ ದಿನವೂ ವಾಂತಿ ಮಾಡಿದ್ಲಲ್ಲ. ಅದು ಗುರುವಾರ."

ಗುರುಬಾಯಿ ತಬ್ಬಿಬ್ಬಾದಳು. ಅಂದು ದೃಷ್ಟಿ ತೆಗೆದು ಸುಮ್ಮನಾಗಿದ್ದಳು.

"ಸೋಮವಾರ ಸಂಜೆ ಎಂತ ಊಟ ಕೊಡ್ತೀರಿ?"

"ಸಜ್ಜಕ, ಭಜಿ, ತುಪ್ಪ. ಉಪಾಸ ಇದ್ದ ಹುಡುಗಿಗೆ ಒಣರೊಟ್ಟಿ ಹಾಕ್ಲೇನು?"

ವಾರಿಜಾ ಮನೆಯೊಳಗೆ ಬಂದಳು. ನೀಲಾಬಾಯಿ ಬಲಪಕ್ಕೆಯ ಕೆಳಗೆ ಕೈಯಿಟ್ಟು, "ಇಲ್ಲಿಂದ ಬೆನ್ನಿಗೆ, ಹೆಗಲಿಗೆ ಹೋಗ್ತದರಿ," ಎಂದಳು.

"ಪಿತ್ತಕೋಶದಲ್ಲಿ ಕಲ್ಲು ಇರ್ಬಹುದು ಅಮ್ಮಾ. ಜಿಡ್ಡು ತಿಂದ್ರೆ ಪಿತ್ತದ ಚೀಲ ಹಿಂಡ್ತದೆ. ಕಲ್ಲು ಅಡ್ಡ ಬಂದ್ರೆ ನೋವು. ಆದ್ರೆ ಡಾಕ್ಟರೇ ನೋಡಿ ಹೇಳ್ಬೇಕು."

"ಕಲ್ಲಾ? ರೇಶನ್ ಅಕ್ಕಿ ನಾನ ಆರಿಸ್ತೀನಿ, ಒಂದ್ ಹರಳ ಬಿಟ್ಟಿಲ್ಲ!"

"ಅಕ್ಕಿಯ ಕಲ್ಲಲ್ಲ. ಒಳಗೇ ಪಿತ್ತ ಗಟ್ಟಿಯಾಗಿ ಆಗೂದು. ಹರೆಯದವರಿಗೂ ಆಗ್ತದೆ."

"ಹಂಗಾದ್ರ ತುಪ್ಪ ಹಾಕಿ ಹಾಕಿ ನಾನ ನೋವು ಎಬ್ಬಿಸಿದ್ನೇನವಾ?" ಗುರುಬಾಯಿ ಕುಸಿದು ಕುಳಿತಳು.

"ಕಲ್ಲು ನೀವು ಇಟ್ಟದ್ದಲ್ಲ. ನಿಮಗೆ ಗೊತ್ತಿರ್ಲಿಲ್ಲ, ಅಷ್ಟೆ. ಈಗ ಹೊರಡಿ."

ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರು. ಜಿಡ್ಡಿಲ್ಲದ ಊಟ ಮಾಡಿ ಅವನ್ನು ನುಂಗಿ, ಮರುದಿನ ಬರಿಹೊಟ್ಟೆಯಲ್ಲಿ ಎಕ್ಸ್-ರೇ ಫೋಟೋ ತೆಗೆಸಬೇಕು. ಗುಳಿಗೆ ನುಂಗಿದ್ದಾಯಿತು, ಇನ್ನು ಫೋಟೋ ಯಾಕೆ ಎಂದು ಗುರುಬಾಯಿಗೆ ಮತ್ತೆ ಗೊಂದಲ. ಗುಳಿಗೆ ನೋವಿಗಲ್ಲ, ಚೀಲ ಫೋಟೋದಲ್ಲಿ ಕಾಣಲಿಕ್ಕೆ ಎಂದು ವಾರಿಜಾ ತಿಳಿಸಿದಳು. ಫೋಟೋದಲ್ಲಿ ಬಟಾಣಿಯಷ್ಟು ಐದು ಕಲ್ಲು ಕಂಡವು. ಆಪರೇಶನ್ ಮಾಡಿ ಚೀಲವನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಚೀಲಾನ ತಗದ್ರ ಹುಡುಗಿ ಬದುಕ್ತಾಳೇನು?"

"ಪಿತ್ತ ತಯಾರಾಗೂದು ಯಕೃತ್ತಿನಲ್ಲಿ ಅಮ್ಮಾ. ಚೀಲದಲ್ಲಿ ಬರೀ ಕೂಡಿಡೂದು. ಅದಿಲ್ಲದೆಯೂ ಚೆನ್ನಾಗಿ ಇರ್ತಾರೆ."

ಮಗ ಹಣಮಂತ ಮಿಲ್ಲಿಗೆ ರಜೆ ಹಾಕಿ ಬಂದು ಸಹಿ ಮಾಡಿದ.

ಆಪರೇಶನ್ ಆಗಿ ಎರಡು ತಿಂಗಳ ಮೇಲೆ ಒಂದು ಸೋಮವಾರ ಸಂಜೆ. ಗುರುಬಾಯಿ ತುಪ್ಪದ ಚಮಚ ಎತ್ತಿದವಳು ಹಾಗೇ ನಿಂತಳು.

"ಒಂದ್ ಸ್ವಲ್ಪ ಹಾಕ್ರಿ ಅತ್ತಿ. ಡಾಕ್ಟರು ಬ್ಯಾಡ ಅಂದಿಲ್ಲ."

ಅರ್ಧ ಚಮಚ ಹಾಕಿದಳು. ಒಂದು ತಾಸು ಸೊಸೆಯ ಮುಖವನ್ನೇ ನೋಡುತ್ತ ಕುಳಿತಳು. ನೋವು ಬರಲಿಲ್ಲ. ಗುರುಬಾಯಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಉಂಡ ಮೇಲೆ ಬಲಪಕ್ಕೆಯ ಕೆಳಗೆ ಮತ್ತೆ ಮತ್ತೆ ನೋವು ಬರುತ್ತದೆಯೇ? ಹೊಟ್ಟೆ ತಿಕ್ಕಿಸಬೇಡಿ. ವಯಸ್ಸು ಚಿಕ್ಕದೆಂದು ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಗುರುಬಾಯಿ ಮೂರು ತಿಂಗಳು ಸುಮ್ಮನೆ ಕಳೆದಳು. ನೀವು ಮುಂದಿನ ಸೋಮವಾರದವರೆಗೂ ಕಾಯಬೇಡಿ.