ತಾರಸಿ ಖಾಲಿ ಇರಲಿಲ್ಲ

ಸುಕೈನಾಳ ಬೆರಳು ಕೀಲಿಮಣೆಯ ಮೇಲೆ ಇಳಿಯುವಷ್ಟರಲ್ಲಿ ಇಟ್ಟೋ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ಒತ್ತಬೇಡ."

"'ಹೌದು' ಅಂತ ಒತ್ತಿದ್ರೆ ಸರಿಹೋಗುತ್ತೆ ಅಂದ್ನಲ್ಲ ಅಕ್ಕ, ಪೆನ್‌ಡ್ರೈವ್ ಕೊಟ್ಟ ಅಂಗಡಿಯವನು."

"ಲ್ಯಾಪ್‌ಟಾಪು ಸರಿಹೋಗುತ್ತೆ. ಒಳಗಿರೋದೆಲ್ಲ ತೊಳೆದುಹೋಗುತ್ತೆ. ಕೆಳಗಿನ ಸಾಲು ಓದು ನೋಡೋಣ, ಕಾಲೇಜಿಗೆ ಹೋಗೋಳು ನೀನು."

ಸುಕೈನಾ ಓದಿದಳು. ಎರಡೂ ಡಿಸ್ಕುಗಳನ್ನು ಹೊಸದಾಗಿ ಸಿದ್ಧಪಡಿಸಲಾಗುವುದು, ಅವುಗಳಲ್ಲಿರುವುದೆಲ್ಲ ಅಳಿಸಿಹೋಗುವುದು ಎಂದಿತ್ತು. ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಲ್ಯಾಪ್‌ಟಾಪು ಅವಳ ಸೋದರತ್ತೆ ತಾಮೋಳದು, ನಿನ್ನೆ ಸತ್ತವಳದು.

ಮಧ್ಯಾಹ್ನದ ನಮಾಜು ಮುಗಿದೊಡನೆ ಗಂಡಸರೆಲ್ಲ ತಾಮೋಳನ್ನು ಹೊತ್ತುಕೊಂಡು ಕಬರಸ್ತಾನಕ್ಕೆ ಹೋಗಿದ್ದರು, ಅಲ್ಲಿ ಹಂಚಲು ಚೀಲಗಟ್ಟಲೆ ರೊಟ್ಟಿ, ಒಣ ಅಂಜೂರ ತೆಗೆದುಕೊಂಡು. ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪುದೀನ ಟೀ ನೆರೆಮನೆಗಳಿಂದ ಬರುತ್ತಿತ್ತು. ಅಳುವುದನ್ನು ಬೆಳಿಗ್ಗೆಯೇ ಅತ್ತಾಗಿತ್ತು. ಈಗ ಎಲ್ಲರ ಕಣ್ಣೂ ನಡುವೆ ಸ್ಟೂಲಿನ ಮೇಲಿದ್ದ ಇಟ್ಟಿಗೆಯಂಥ ಲ್ಯಾಪ್‌ಟಾಪಿನ ಮೇಲೆ.

ಐದು ಗಂಟೆಗೆ ಮನೆ ಸಿಗುವವರ ಪಟ್ಟಿ ಮುಚ್ಚುತ್ತಿತ್ತು. ದರ್ಬ್ ರುಮ್ಮಾನ್ ಗಲ್ಲಿಯನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಲು ಹೊರಟವರು, ಹದಿನೈದು ವರ್ಷದಿಂದ ಇಲ್ಲಿದ್ದವರಿಗೆ ಬೇರೆ ಕಡೆ ಮನೆ ಕೊಡುತ್ತೇವೆ ಎಂದಿದ್ದರು. ತಾರಸಿಗಳ ಮೇಲೆ ಒಂದೊಂದು ಕೋಣೆ ಎಬ್ಬಿಸಿಕೊಂಡಿದ್ದ ಹತ್ತೊಂಬತ್ತು ಸಂಸಾರಗಳ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. 'ತಾರಸಿ: ಖಾಲಿ' ಎಂದು ಬರೆದಿತ್ತು. ಗಾರೆ ಕಲಸುವವರು, ಬಟ್ಟೆ ಒಗೆಯುವವರು, ಬಂದರಿನಲ್ಲಿ ಮೀನು ಹೊರುವವರು. ಊರಿನ ಹೊಲಸು ಎತ್ತುವಾಗ ಕಾಣುವ ಕೈಗಳು ಪಟ್ಟಿ ಬರೆಯುವಾಗ ಯಾರಿಗೂ ಕಾಣುವುದಿಲ್ಲ. ಹತ್ತೊಂಬತ್ತರಲ್ಲಿ ಒಂದು ಕೋಣೆ ಇಟ್ಟೋಳದು.

"ಪುರಾವೆ ತನ್ನಿ" ಎಂದಿದ್ದ ಸರಕಾರದ ಪರವಾಗಿ ಗಲ್ಲಿಯ ಲೆಕ್ಕ ಇಡುವ ಮುಕದ್ದಮ್. ಪುರಾವೆ ಇದ್ದದ್ದು ತಾಮೋಳ ಹತ್ತಿರ. ಮೂವತ್ತು ವರ್ಷ ಈ ಗಲ್ಲಿಯ ಮದುವೆಗಳಿಗೆಲ್ಲ ವಿಡಿಯೋ ತೆಗೆದವಳು ಅವಳು. ಪ್ರತಿ ಚಿತ್ರದ ಮೂಲೆಯಲ್ಲಿ ತಾರೀಖು. "ಗುರುವಾರ ನನ್ನ ಮಷೀನು ಬಿಚ್ತೀನಿ, ಅವನ ಬಾಯಿ ಮುಚ್ಚಿಸ್ತೀನಿ" ಎಂದಿದ್ದಳು. ಬುಧವಾರ ಸಂಜೆ ಟೀ ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಳು.

ಇಂದು ಗುರುವಾರ.

*

ಎಂಟು ವರ್ಷದ ಹಿಂದೆ ತಾಮೋ ಈ ಲ್ಯಾಪ್‌ಟಾಪನ್ನು ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು ಅಲ್ಲೇ ಇದ್ದ ಇಟ್ಟೋಳ ರಿಪೇರಿ ಗೂಡಿಗೆ ತಂದಿದ್ದಳು. ಬೂಷ್ಟು ಹಿಡಿಯುತ್ತಿದ್ದ ಹಳೇ ಟೇಪುಗಳನ್ನೆಲ್ಲ ಇದರೊಳಕ್ಕೆ ಇಳಿಸಬೇಕಿತ್ತು.

"ಒಳಗೆ ಎರಡು ಡಿಸ್ಕು ಇವೆ ಅಕ್ಕ. ಎರಡನ್ನೂ ಜೋಡಿಸಿ ಒಂದೇ ಮಾಡಿದ್ರೆ ಬೇಗ ಓಡುತ್ತೆ. ಆದ್ರೆ ಪ್ರತಿ ಚಿತ್ರದ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಒಂದು ಕೈಕೊಟ್ರೆ ಇನ್ನೊಂದು ಇದ್ದೂ ದಂಡ."

"ಮುನ್ನೂರು ಮದುವೆ ನೋಡಿದೀನಿ ಕಣೇ. ಅದೂ ಹಿಂಗೇ. ಜೋಡ್ಸು."

"ಬೇರೆ ಕಡೆ ಒಂದು ನಕಲು ಇಟ್ಕೋ ಮತ್ತೆ."

"ಇಟ್ಕೋತೀನಿ, ಇಟ್ಕೋತೀನಿ" ಎಂದಳು ತಾಮೋ, ಹಲ್ಲಿನ ಡಾಕ್ಟರಿಗೆ ಮಾತು ಕೊಡುವವರ ಧಾಟಿಯಲ್ಲಿ.

ಅವಳ ಮೇಲೆ ದೂರುಗಳಿಗೇನೂ ಬರವಿರಲಿಲ್ಲ. ಗಂಡಸರ ಕ್ಯಾನ್ವಾಸ್ ಬೂಟಿನಲ್ಲೇ ಮದುವೆಗೆ ಬರುತ್ತಾಳೆ, ಮದುಮಗಳನ್ನು ಬಿಟ್ಟು ಗೋಡೆ, ಬಾಗಿಲುಗಳ ಚಿತ್ರ ತೆಗೆಯುತ್ತಾಳೆ ಎಂದು ಬೀಗರು ಗೊಣಗುತ್ತಿದ್ದರು. ತಾನು ಮಾತ್ರ ಮದುವೆಯಾಗದೆ ಉಳಿದ ತಾಮೋ ನಕ್ಕುಬಿಡುತ್ತಿದ್ದಳು. "ಮದುಮಗಳು ಇವತ್ತೇ ಹೊರಟುಹೋಗ್ತಾಳೆ ಕಣ್ರೀ. ಗೋಡೆ ತಾನೆ ಇಲ್ಲೇ ಇರೋದು, ಪಾಪ. ಅದಕ್ಕೂ ಒಂದು ಪಟ ಬೇಡ್ವಾ?"

*

ಇಟ್ಟೋ ಪೆನ್‌ಡ್ರೈವ್ ಕಿತ್ತು ಬದಿಗಿಟ್ಟಳು. ಲ್ಯಾಪ್‌ಟಾಪಿನ ಹೊಟ್ಟೆಗೆ ಕಿವಿ ಹಚ್ಚಿದಳು. ಎರಡು ಡಿಸ್ಕನ್ನು ಜೋಡಿಸಿದ ಕೈ ತನ್ನದೇ ಎಂಬುದನ್ನು ಬೆಳಗಿನಿಂದ ಅವಳು ಮರೆತಿರಲಿಲ್ಲ.

"ಸತ್ತಿದೆಯೇನೇ?" ಎಂದಳು ಮಹ್ಜೂಬಾ ಅಜ್ಜಿ, ತಾರಸಿಯವರಲ್ಲೆಲ್ಲ ಹಿರಿಯಳು.

"ಇಲ್ಲ ಅಜ್ಜಿ. ಎರಡೂ ತಿರುಗ್ತಿವೆ. ಕಟಕಟ ಸದ್ದೂ ಇಲ್ಲ."

"ಮತ್ತೆ ಯಾಕಂತೆ ಮುನಿಸು?"

ಇಟ್ಟೋ ಯಂತ್ರದ ಒಳಗಿನ ಸೆಟ್ಟಿಂಗುಗಳ ಪುಟ ತೆರೆದಳು. ಮೇಲೆ ಗಡಿಯಾರವಿತ್ತು. ಜನವರಿ ಒಂದು, ಎರಡು ಸಾವಿರದ ಒಂಬತ್ತು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು.

"ಒಳಗೊಂದು ಬಿಲ್ಲೆ ಬ್ಯಾಟರಿ ಇರುತ್ತೆ ಅಜ್ಜಿ, ಅಂಗಿ ಗುಂಡಿಯಷ್ಟು. ದೊಡ್ಡ ಬ್ಯಾಟರಿ ಎಂದೋ ಹೋಗಿದೆ, ಕರೆಂಟಿಲ್ಲದಾಗ ಮಷೀನಿನ ನೆನಪು ಕಾಯೋದು ಈ ಬಿಲ್ಲೆ. ಈಗ ಸತ್ತಿರೋದು ಅದೊಂದೇ. ಈ ಎರಡು ಡಿಸ್ಕು ಜೋಡಿ ಅನ್ನೋದೇ ಮಷೀನಿಗೆ ಮರೆತುಹೋಗಿದೆ."

ಮರೆಯದೆ ಏನು ಮಾಡೀತು. ಜನ ತಾವಾಗಿಯೇ ಗಂಟುಮೂಟೆ ಕಟ್ಟಲಿ ಎಂದು ಹತ್ತು ದಿನದ ಹಿಂದೆ ಗಲ್ಲಿಯ ತಂತಿಗಳನ್ನು ಕತ್ತರಿಸಿದ್ದರು. ಕತ್ತಲಲ್ಲಿ ಕೂಡಿಹಾಕಿದರೆ ಮನುಷ್ಯರೂ ಮರೆಯುತ್ತಾರೆಂಬ ಲೆಕ್ಕ ಅವರದು. ಈಗ ಉರಿಯುತ್ತಿದ್ದುದು ಹೆಂಗಸರು ಬೆಳಿಗ್ಗೆ ಹಿಂದಿನ ಗಲ್ಲಿಯಿಂದ ಐದು ತಾರಸಿ ಹಾಯಿಸಿ ಎಳೆದು ತಂದ ಕರೆಂಟು.

ಇಟ್ಟೋ ಒಂದು ಸಾಲು ಬದಲಿಸಿ ಉಳಿಸಿದಳು. ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಹಸಿರು ಅಕ್ಷರದಲ್ಲಿ ಹೇಳಿತು: ಎರಡು ಡಿಸ್ಕು, ಒಂದು ಜೋಡಿ, ಸುಸ್ಥಿತಿ. ಸುಕೈನಾ ಅದನ್ನು ಗಟ್ಟಿಯಾಗಿ ಓದುವಾಗಲೇ ಕರೆಂಟು ಹೋಯಿತು. ಹಿಂದಿನ ಗಲ್ಲಿಯಲ್ಲಿ ಯಾರೋ ನೀರು ಕಾಯಿಸಲು ಹಾಕಿರಬೇಕು. ಮರಳಿ ಬಂದಾಗ ಲ್ಯಾಪ್‌ಟಾಪು ಮತ್ತೆ ಎರಡು ಸಾವಿರದ ಒಂಬತ್ತಕ್ಕೆ ಹೋಗಿ ಕೂತಿತ್ತು. ಮೂರು ಸಲ ಹೀಗೇ ಆಯಿತು.

"ಬಿಲ್ಲೆ ಇಲ್ದೆ ಆಗಲ್ಲ" ಎಂದಳು ಇಟ್ಟೋ. ನಾಲ್ಕೂ ಹತ್ತು ಆಗಿತ್ತು. ಬಿಲ್ಲೆಗಳಿದ್ದ ಅವಳ ರಿಪೇರಿ ಗೂಡು ಊರಿನ ಆಚೆ ತುದಿಯಲ್ಲಿ.

"ಬೇರೆ ಯಾವುದರಲ್ಲಿರುತ್ತೆ ಅದು?"

"ತೂಕ ನೋಡೋ ಮಷೀನು. ಇಲ್ಲಾ ಕಾರಿನ ಕೀಲಿ."

"ತೂಕ ನೋಡ್ಕೊಳ್ಳೋಷ್ಟು ಮೈ ಯಾರಿಗಿದೆ ಇಲ್ಲಿ?"

"ಫಾತ್ನಾಗಿದೆ" ಎಂದಿತು ಹಿಂದಿನಿಂದ ಒಂದು ದನಿ. ದಢೂತಿ ಫಾತ್ನಾ ಮೊದಲು ನಕ್ಕಳು. ಆಮೇಲೆ ಇಡೀ ಚಾಪೆಯೇ ನಕ್ಕಿತು. ಸಾವಿನ ಮನೆಯೆಂದು ಯಾರೋ ಶ್ಶ್ ಎಂದರು, ಅವರಿಗೂ ತಡೆಯಲಾಗಲಿಲ್ಲ.

ಆಗ ಬಾಗಿಲಲ್ಲಿ ಗಂಡುಕೆಮ್ಮು ಕೇಳಿಸಿತು. ಮುಕದ್ದಮ್ ಸಿ ಮಿಲೂದಿ. ಉಳಿದವರು ಕಬರಸ್ತಾನದಿಂದ ನಡೆದು ಬರುತ್ತಿದ್ದರು. ಇವನು ಮುಂಚೆಯೇ ಬಂದಿದ್ದ. ಕಂಕುಳಲ್ಲಿ ಪಟ್ಟಿ. ಬೆರಳಲ್ಲಿ ಗಿರಗಿರ ತಿರುಗುತ್ತಿದ್ದ ಕಾರಿನ ಕೀಲಿ.

"ಅಲ್ಲಾಹ್ ನಿಮಗೆಲ್ಲ ಸಮಾಧಾನ ಕೊಡಲಿ. ಐದಕ್ಕೆ ಇದು ಕಚೇರೀಲಿರಬೇಕು. ಪುರಾವೆ ಏನಾದ್ರೂ..."

"ಕೀಲಿ ಕೊಡಪ್ಪ" ಎಂದಳು ಮಹ್ಜೂಬಾ ಅಜ್ಜಿ.

"ಯಾವ ಕೀಲಿ?"

"ಕೈಲಿರೋದು. ನಿನ್ನ ಕಾರು ತಿನ್ನಲ್ಲ ನಾವು. ಸಾವಿನ ಮನೇಲಿ ಕೇಳಿದ್ದಕ್ಕೆ ಇಲ್ಲ ಅನ್ಬಾರ್ದು."

ನಲವತ್ತು ಹೆಂಗಸರು ಅವನ ಬೆರಳನ್ನೇ ನೋಡುತ್ತಿದ್ದರು. ಸಿ ಮಿಲೂದಿ ಕೊಟ್ಟ. ಇಟ್ಟೋ ಉಗುರಿನಿಂದ ಕೀಲಿಯನ್ನು ಸೀಳಿ ಬಿಲ್ಲೆ ತೆಗೆದು, ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಕೂರಿಸಿದಳು. ಸಾಲು ಬದಲಿಸಿದಳು. ಕರೆಂಟು ಇನ್ನೊಮ್ಮೆ ಹೋಗಿ ಬಂತು. ಈ ಸಲ ಮಷೀನು ಮರೆಯಲಿಲ್ಲ.

ಪರದೆಯ ಮೇಲೆ ತಾರಸಿ, ಬಣ್ಣದ ಬಟ್ಟೆಯ ಚಪ್ಪರ, ಮೂಲೆಯಲ್ಲಿ ಎರಡು ಸಾವಿರದ ಆರು, ಆಗಸ್ಟ್. ಕ್ಯಾಮೆರಾದ ಹಿಂದಿನಿಂದ ತಾಮೋಳ ದನಿ ಬಂತು: "ಬಾಗಿಲಿಗೆ ಒರಗ್ಕೋ ಮಗಳೇ. ಬಾಗಿಲ ನಂಬರು ಮುಚ್ಚಬೇಡ." ಕ್ಯಾಮೆರಾ ಮದುಮಗಳಿಂದ ಬಾಗಿಲಿಗೆ, ಬಾಗಿಲಿಂದ ಪಕ್ಕದ ಬಾಗಿಲಿಗೆ, ಅಲ್ಲಿಂದ ಊಟದ ತಟ್ಟೆಗೆ ಹೊರಳಿತು.

"ಅಯ್ಯೋ, ಕೋಳಿ ಕಾಲು ಹಿಡ್ಕೊಂಡಿರೋದು ಯಾರು ಅದು?" ಎಂದಳು ಫಾತ್ನಾ.

ಸಿ ಮಿಲೂದಿ ಟೋಪಿ ಸರಿಮಾಡಿಕೊಂಡ.

"ಖಾಲಿ ತಾರಸಿ ಮೇಲೆ ಯಾರ ಮದುವೆ ಊಟ ಮಾಡ್ತಿದ್ದೆಯಪ್ಪ?" ಅಜ್ಜಿ ಕೇಳಿದಳು.

ಅವನು ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದ. "ಆಗ ಎಷ್ಟು ಸಣ್ಣಗಿದ್ದೆ ನಾನು" ಎಂದ ಕೊನೆಗೆ, ಮತ್ತು ಪೆನ್ನು ತೆಗೆದ.

ಒಂದೊಂದು ಬಾಗಿಲು ಬಂದಾಗ ಇಟ್ಟೋ ಚಿತ್ರ ನಿಲ್ಲಿಸಿದಳು. ಆ ಬಾಗಿಲಿನವಳು ಎದ್ದು ನಿಂತು ಹೆಸರು ಹೇಳಿದಳು. ಹೀಗೆ ಹದಿನೆಂಟು. ಹತ್ತೊಂಬತ್ತನೆಯದಕ್ಕೆ ಇಟ್ಟೋ ತಾನೇ ಎದ್ದು ನಿಂತಳು. ಅವನು ಸಹಿ ಹಾಕಿದ ಮೇಲೂ ಅಜ್ಜಿ ಬಿಡಲಿಲ್ಲ. "ಪಟ್ಟಿ ಕಚೇರಿ ಮೇಜು ಮುಟ್ಟೋವರೆಗೆ ಫಾತ್ನಾ, ಸುಕೈನಾ ನಿನ್ನ ಕಾರಲ್ಲೇ ಬರ್ತಾರೆ. ಕೀಲಿ ತಿರುಗಿಸಿ ಬಾಗಿಲು ತಕ್ಕೋ. ಬಿಲ್ಲೆ ಇಲ್ಲೇ ಇರುತ್ತೆ."

ಕಾರಿನ ಸದ್ದು ಗಲ್ಲಿ ದಾಟಿತು. ಚಿತ್ರ ಓಡುತ್ತಲೇ ಇತ್ತು. ಇನ್ಯಾವುದೋ ಮದುವೆಯಲ್ಲಿ ತಾಮೋ ಕ್ಯಾಮೆರಾವನ್ನು ನೆಲಕ್ಕಿಟ್ಟು ಆರಿಸುವುದನ್ನೇ ಮರೆತಿದ್ದಳು. ಪರದೆ ತುಂಬ ಬರೀ ಕಾಲುಗಳು. ಮದರಂಗಿ ಹಚ್ಚಿದ ಬರಿಗಾಲುಗಳು ಡೋಲಿನ ತಾಳಕ್ಕೆ ಸುತ್ತುತ್ತಿದ್ದವು.

"ಇದರಲ್ಲಿ ಬಾಗಿಲೇ ಇಲ್ಲ, ಮುಂದಕ್ಕೆ ಓಡಿಸ್ಲಾ?" ಎಂದಳು ಇಟ್ಟೋ. ಹೆಂಗಸರು ಪರದೆಗೆ ಇನ್ನಷ್ಟು ಹತ್ತಿರ ಸರಿದು ಕೂತರು. ಅವಳೂ ಕೈ ಚಾಚಲಿಲ್ಲ.

ಆ ಬರಿಗಾಲುಗಳ ನಡುವೆ ಒಂದು ಜೊತೆ ಗಂಡಸರ ಕ್ಯಾನ್ವಾಸ್ ಬೂಟು ಬಂದಿತ್ತು. ಇಷ್ಟು ವರ್ಷ ಮೆಟ್ಟಿಲ ಮೇಲೆ ಆ ಬೂಟಿನ ಸದ್ದು ಕೇಳದ ಕಿವಿ ಅಲ್ಲಿ ಒಂದೂ ಇರಲಿಲ್ಲ. ಮಹ್ಜೂಬಾ ಅಜ್ಜಿ ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಲಗೆ ಹೊರಳಿಸಿ, ಮದುವೆ ಮನೆಯ ಉಲಿ ಹಾಕಿದಳು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ಕಬರಸ್ತಾನದಿಂದ ಮರಳಿದ ಗಂಡಸರು ಖಾಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಪರದೆಯ ಮೇಲೆ ಲೇಸು ಬಿಚ್ಚಿದ ಆ ಬೂಟುಗಳು ತಾಳ ತಪ್ಪಿ, ಯಾರ ಕಾಲನ್ನೋ ತುಳಿದು, ಮತ್ತೆ ಕುಣಿಯುತ್ತಿದ್ದವು.